ಬ್ಲಾಗ್ ಬರ್ದಾಯ್ತು, ಓದೋರು ಎಲ್ಲಿ?

ಕೊಡಗಿನಲ್ಲಿ ನಾನು ರೈಟರ್ ಅಂತ ಹೇಳ್ಕೊಂಡ್ರೆ ಮುಂದಿನ ಪ್ರಶ್ನೆ "ಯಾವ ತೋಟದಲ್ಲಿ?" ಅಂತ ಬರತ್ತೆ. ತೋಟದ ರೈಟರ್ ಬರೆಯೋದು ಆಳುಗಳ ಹಾಜರಿ, ಅದನ್ನ ಓದೋಕೆ ಸಾಹುಕಾರ್ರು ಇದ್ದೇ ಇರ್ತಾರೆ, ಆಳುಗಳೂ ಬಂದು ನನ್ ಹೆಸ್ರು ಹಾಕಿದ್ಯಾ ಅಂತ ಇಣುಕಿ ನೋಡ್ತಾರೆ. ಬ್ಲಾಗ್ ಬರೆಯೋರಿಗೆ ಆ ಭಾಗ್ಯ ಇಲ್ಲ. ಹೋದ ಸಂಚಿಕೆಯಲ್ಲಿ "ಬ್ಲಾಗ್ ಬರೀತಿರೋರು ಪ್ರಶ್ನೆ ಕಳ್ಸಿ" ಅಂತ ಒಂದೇ ಸಾಲು ಹಾಕಿದ್ದಕ್ಕೆ ಬಂದ ಕಾಗದ, ಮೇಲ್, ವಾಟ್ಸಾಪ್ ವಾಯ್ಸ್ ನೋಟ್ ಎಲ್ಲ ಸೇರಿ ಒಂದೇ ಗೋಳು ಹೇಳ್ತಿವೆ, ಬರೆಯೋದು ಆಗ್ತಿದೆ ಓದೋರು ಸಿಗ್ತಿಲ್ಲ ಅಂತ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇಟ್ಟಿದೀನಿ.

ಪ್ರಶ್ನೆ: ಮೂರು ವರ್ಷದಿಂದ ಬ್ಲಾಗರ್‌ನಲ್ಲಿ (ಗೂಗಲ್‌ನ ಫ್ರೀ ಬ್ಲಾಗ್ ತಾಣ) ಬರೀತಿದೀನಿ. ಕಾಫಿ, ರಾಜಕೀಯ, ಹಾಕಿ, ಕವನ, ಮೊಮ್ಮಗಳ ಹುಟ್ಟುಹಬ್ಬ ಎಲ್ಲಾ ಉಂಟು. ದಿನಕ್ಕೆ 20–30 ವ್ಯೂಸ್ ತೋರಿಸತ್ತೆ. ಒಂದು ದಿನ ಮಾತ್ರ ಇದ್ದಕ್ಕಿದ್ದಂಗೆ 400 ಬಂತು, ಆಮೇಲೆ ಮತ್ತೆ ಅಷ್ಟೇ. ಓದುಗರನ್ನ ಹೆಚ್ಚಿಸೋಕೆ ಎಂತ ಮಾಡ್ಬೇಕು? (ಪೊನ್ನಂಪೇಟೆ ಕಡೆಯ ಬೆಳೆಗಾರರು)

ಉತ್ತರ: ಮೊದ್ಲು ಕಷಾಯ ಕುಡ್ಸ್ತೀನಿ, ಬೇಜಾರಾಗ್ಬೇಡಿ. ಆ 20–30ರಲ್ಲಿ ನೀವೇ ಎಷ್ಟು ಸಲ ತೆಗೆದು ನೋಡಿದೀರಿ? ಬ್ಲಾಗರ್‌ನಲ್ಲಿ ನಮ್ಮ ಸ್ವಂತ ವ್ಯೂ ಲೆಕ್ಕಕ್ಕೆ ಬಾರದ ಹಾಗೆ ಮಾಡೋ ಒಂದು ಸೆಟ್ಟಿಂಗ್ ಉಂಟು, ಅದನ್ನ ಆನ್ ಮಾಡಿ ಒಂದು ವಾರ ಸುಮ್ನಿರಿ. ಆ 400ರ ದಿನ ಯಾವ ದೇಶದಿಂದ ಬಂತು ಅಂತ ಅಂಕಿಅಂಶದ ಪುಟದಲ್ಲಿ ನೋಡಿ, ನಿಮಗೆ ನೆಂಟರಿಷ್ಟರು ಯಾರೂ ಇಲ್ಲದ ದೇಶದಿಂದ ಒಂದೇ ರಾತ್ರಿ ಅಷ್ಟು ಜನ ಕನ್ನಡ ಓದೋಕೆ ಬಂದಿದ್ರೆ ಅದು ಜನ ಅಲ್ಲ, ಬಾಟ್, ಅಂದ್ರೆ ಮೆಷಿನ್ನು ಬಂದು ಮೂಸಿ ಹೋಗಿದ್ದು. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಅಂತ ಫ್ರೀಯಾಗಿ ಸಿಗೋದೊಂದು ಉಂಟು, ನಿಮ್ಮ ಬ್ಲಾಗನ್ನ ಅದಕ್ಕೆ ಸೇರಿಸಿ. ಜನ ಗೂಗಲ್‌ನಲ್ಲಿ ಯಾವ ಪದ ಟೈಪ್ ಮಾಡ್ದಾಗ ನಿಮ್ಮ ಪುಟ ಕಾಣಿಸ್ತು, ಅದ್ರಲ್ಲಿ ಎಷ್ಟು ಜನ ಒತ್ತಿ ಒಳಗೆ ಬಂದ್ರು, ಎರಡೂ ಅದ್ರಲ್ಲಿ ಇರತ್ತೆ. ಇದನ್ನ ನೋಡ್ದೆ ಓದುಗರ ಬಗ್ಗೆ ಯೋಚ್ನೆ ಮಾಡೋದು ಗಿಡಕ್ಕೆ ಹೋಗಿ ನೋಡ್ದೆ ಮನೇಲಿ ಕೂತು ಫಸಲು ಅಂದಾಜು ಮಾಡಿದ ಹಾಗೆ.

ಈಗ ನಿಜವಾದ ತೊಂದರೆಗೆ ಬರ್ತೀನಿ. "ಎಲ್ಲಾ ಉಂಟು" ಅಂತ ಖುಷಿಯಿಂದ ಬರ್ದಿದೀರಲ್ಲ, ತೊಂದರೆ ಅದೇ. ಮಡಿಕೇರಿಯ ಶುಕ್ರವಾರದ ಸಂತೇಲೂ ಎಲ್ಲಾ ಉಂಟು, ಆದ್ರೆ ಶುಕ್ರವಾರ ಅಂತ ಎಲ್ಲರಿಗೂ ಗೊತ್ತು, ಒಣಮೀನು ಯಾವ ಮೂಲೇಲಿ ಸೊಪ್ಪು ಯಾವ ಮೂಲೇಲಿ ಅಂತಲೂ ಗೊತ್ತು. ನಿಮ್ಮ ಬ್ಲಾಗಿಗೆ ಇವತ್ತು ಬಂದೋರಿಗೆ ಹಾಕಿ ಸಿಗತ್ತೆ, ಇಪ್ಪತ್ತು ದಿನ ಬಿಟ್ಟು ಬಂದ್ರೆ ಮೊಮ್ಮಗಳು ಕೇಕ್ ಕಟ್ ಮಾಡ್ತಿರ್ತಾಳೆ, ಅವ್ರು ಯಾವುದಕ್ಕೆ ಅಂತ ಮತ್ತೆ ಬರ್ಬೇಕು ಹೇಳಿ. ವಾರಕ್ಕೊಂದು ದಿನ ಗೊತ್ತು ಮಾಡ್ಕೊಳ್ಳಿ, ಆ ದಿನ ತಪ್ಪಬೇಡಿ, ನಾಕೇ ಸಾಲಾದ್ರೂ ಸರಿ.

ಏನು ಬರೆಯೋದು ಅಂತ ಕೇಳಿದ್ರೆ ನಿಮ್ಮನೆ ಅಂಗಳದಲ್ಲಿ ಮಳೆ ಅಳೆಯೋ ಗೇಜ್ ಇರ್ಲೇಬೇಕು ಅಲ್ವಾ, ಪಕ್ಕದಲ್ಲಿ ಒಂದು ಹಳೇ ನೋಟ್‌ಬುಕ್ಕೂ ಇರತ್ತೆ. ಪೇಪರ್‌ನೋರು ಮಿಲಿಮೀಟರ್ ಅಂದ್ರೂ ನಮಗೆ ಮಳೆ ಅಂದ್ರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್, ಈ ಲೆಕ್ಕದಲ್ಲಿ ಮಾತಾಡೋ ಜಿಲ್ಲೆ ಇನ್ನೆಷ್ಟು ಉಂಟು? ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಅರಳ್ಸೋ ಹೂಮಳೆ ಯಾವ ತಾರೀಕು ಬಿತ್ತು, ಎಷ್ಟು ಸೆಂಟು, ರೋಬಸ್ಟಾ ಕಾಫಿ ಎಷ್ಟು ದಿನಕ್ಕೆ ಅರಳ್ತು (ಸಾಮಾನ್ಯವಾಗಿ ಎಂಟು ಹತ್ತು ದಿನ), ಹೂ ಬಿಟ್ಟ ಹೊತ್ತಿಗೆ ಜೇನು ಓಡಾಡ್ತಾ ಇಲ್ವಾ, ಹೂ ಆದ್ಮೇಲೆ ಬೀಳ್ಬೇಕಾದ ಮಳೆ, ಅದೇ ಬ್ಯಾಕಿಂಗ್ ಶವರ್, ಸಿಕ್ತಾ ಇಲ್ಲ ಸ್ಪ್ರಿಂಕ್ಲರ್ ಹಾಕ್ಬೇಕಾಯ್ತಾ, ಇಷ್ಟನ್ನ ಹತ್ತು ವರ್ಷದ್ದು ಆ ನೋಟ್‌ಬುಕ್‌ನಿಂದ ಇಳಿಸಿ ಹಾಕಿ ನೋಡಿ. ಪಕ್ಕದ ತೋಟದೋರು ಓದ್ತಾರೆ, ಬೆಂಗಳೂರಲ್ಲಿ ಕೆಲ್ಸದಲ್ಲಿರೋ ಅವರ ಮಗ ಓದ್ತಾನೆ, ದಿನಾ ಸಂಜೆ ರೈಟರ್‌ಗೆ ಫೋನ್ ಮಾಡಿ "ಮಳೆ ಎಷ್ಟಾಯ್ತು" ಅಂತ ಕೇಳೋ ಒಬ್ಬ ಸಾಹುಕಾರ್ರು ಇರ್ತಾರಲ್ಲ, ಬರೆಯೋಕೆ ಕೂತಾಗ ಅವ್ರೊಬ್ಬರೇ ಎದುರಿಗೆ ಕೂತಿದಾರೆ ಅಂದ್ಕೊಳ್ಳಿ. ಎಲ್ಲರಿಗೂ ಅಂತ ಬರೆದಾಗ ಭಾಷಣ ಆಗ್ಬಿಡತ್ತೆ, ನಂದೂ ಆಗಿತ್ತು.

ನಂದು ಹೇಳ್ತೀನಿ ಕೇಳಿ. ಶುರುವಿನಲ್ಲಿ ನಾನು ಮಂಜಿನ ಮೇಲೆ ಉದ್ದುದ್ದ ಪ್ರಬಂಧ ಬರೀತಿದ್ದೆ, ಓದಿದೋರು ನನ್ ಹೆಂಡ್ತಿ ಮತ್ತೆ ಅವಳ ತಮ್ಮ, ಅವನೂ ಪೂರ್ತಿ ಓದಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ, ಜೋಡುಪಾಲ ಮೊಣ್ಣಂಗೇರಿ ಕಡೆ ಆದದ್ದು ನಿಮಗೆಲ್ಲ ನೆನಪಿರತ್ತೆ, ಮಡಿಕೇರಿ–ಸಂಪಾಜೆ ರಸ್ತೆ ಬಂದ್, ಹೊರಗಿರೋ ಮಕ್ಕಳಿಗೆ ಊರಿನ ಸುದ್ದಿ ಇಲ್ಲ, ವಾಟ್ಸಾಪ್‌ನಲ್ಲಿ ಎಲ್ಲಿಯದೋ ವಿಡಿಯೋ ಇಲ್ಲಿಯದು ಅಂತ ಓಡಾಡ್ತಿತ್ತು. ಆಗ ನಾನು ಕರೆಂಟು ಸಿಗ್ನಲ್ಲು ಸಿಕ್ಕಾಗೆಲ್ಲ ಕಣ್ಣಾರೆ ನೋಡಿದ್ದು, ಇಲ್ಲ ನೋಡಿದೋರಿಂದ ಕೇಳಿದ್ದು ಮಾತ್ರ, ಯಾವ ರಸ್ತೇಲಿ ಜೀಪು ಹೋಗ್ತಿದೆ, ಯಾವ ಕಡೆ ಮಣ್ಣು ಬಿದ್ದಿದೆ ಅಂತ ನಾಕ್ನಾಕು ಸಾಲು ಹಾಕ್ದೆ, ಟೈಮ್ ಸಮೇತ. ಅಲಂಕಾರ ಒಂದೂ ಇಲ್ಲ. ಆವಾಗ ಬಂದೋರಲ್ಲಿ ಕೆಲವರು ಈಗ್ಲೂ ನನ್ನ ಮಳೆ ಲೆಕ್ಕ ನೋಡೋಕೆ ಬರ್ತಾರೆ, ನಡುವೆ ಸಿಗೋ ಮಂಜಿನ ಪ್ರಬಂಧವನ್ನೂ ಪಾಪ ಓದ್ತಾರೆ. ಆದ್ರಿಂದ ಕವನ ನಿಲ್ಸಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ನಿಲ್ಸಲ್ಲ. ಅದಕ್ಕೊಂದು ಬೇರೆ ಲೇಬಲ್ ಕೊಡಿ ಸಾಕು.

ಇನ್ನೊಂದು ಮಾತು ಹೆಡ್ಡಿಂಗ್ ಬಗ್ಗೆ. "ಮುತ್ತಿನ ಹನಿಗಳ ಮಧುರ ಸ್ಪರ್ಶ" ಅಂತ ಒಂದು ನೋಡ್ದೆ ನಿಮ್ಮಲ್ಲಿ, ಒಳಗೆ ಓದಿದ್ರೆ ಹೂಮಳೆ ತಡ ಆದ್ರೆ ನೀರು ಯಾವಾಗ ಹಾಯಿಸ್ಬೇಕು ಅಂತ ಬಹಳ ಚೆನ್ನಾಗಿ ಬರ್ದಿದೀರಿ. ಮಾರಾಯ್ರೆ, ಮುತ್ತಿನ ಹನಿ ಅಂತ ಗೂಗಲ್‌ನಲ್ಲಿ ಯಾವ ಬೆಳೆಗಾರ ಹುಡುಕ್ತಾನೆ? "ಹೂಮಳೆ ಬರ್ಲಿಲ್ಲ, ರೋಬಸ್ಟಾಗೆ ಸ್ಪ್ರಿಂಕ್ಲರ್ ಯಾವಾಗ?" ಅಂತ ಇಟ್ಟಿದ್ರೆ ಮುಗೀತಿತ್ತು. ಹಳೇ ಲೇಖನಗಳ ಹೆಡ್ಡಿಂಗ್ ಈಗ್ಲೂ ಬದಲಾಯಿಸ್ಬಹುದು, ಆದ್ರೆ ಲಿಂಕ್ ಬದಲಾಯಿಸ್ಬೇಡಿ, ಹಂಚಿದೋರ ಹತ್ರ ಇರೋದು ಹಳೇ ಲಿಂಕು.

ಪ್ರಶ್ನೆ: ನಂದು ಅಡುಗೆ ಬ್ಲಾಗ್. ಗೂಗಲ್‌ನಿಂದ ಜನ ಬರ್ತಾರೆ, ಓದ್ತಾರೆ, ಹೋಗ್ತಾರೆ. ಒಂದು ಕಮೆಂಟ್ ಇಲ್ಲ, ಚೆನ್ನಾಗಿದೆ ಅಂತಾನೂ ಇಲ್ಲ, ಗೋಡೆ ಜೊತೆ ಮಾತಾಡಿದ ಹಾಗೆ ಅನ್ಸತ್ತೆ. (ನಾಪೋಕ್ಲಿನ ಗೃಹಿಣಿ)

ಉತ್ತರ: ಕಮೆಂಟ್ ಇಲ್ಲ ಅಂದ್ರೆ ಓದಿಲ್ಲ ಅಂತ ಅರ್ಥ ಅಲ್ಲ. ವೆಬ್‌ಸೈಟ್‌ಗಳನ್ನ ಜನ ಹೇಗೆ ಬಳಸ್ತಾರೆ ಅಂತ ನೋಡೋದೇ ಕೆಲಸ ಮಾಡ್ಕೊಂಡಿದ್ದ ಜೇಕಬ್ ನೀಲ್ಸನ್ ಅನ್ನೋರು 2006ರಲ್ಲೇ ಒಂದು ಲೆಕ್ಕ ಬರೆದಿದ್ರು, ನೂರರಲ್ಲಿ ತೊಂಬತ್ತು ಜನ ಬರೀ ಓದಿ ಹೋಗ್ತಾರೆ, ಒಂಬತ್ತು ಜನ ಯಾವಾಗಾದ್ರೊಮ್ಮೆ ಏನಾದ್ರೂ ಹೇಳ್ತಾರೆ, ಒಬ್ಬರೇ ಒಬ್ಬರು ಯಾವಾಗ್ಲೂ ಮಾತಾಡ್ತಾರೆ ಅಂತ. ಊರಿನ ಸಭೇಲೂ ಅಷ್ಟೇ ತಾನೇ, ಆ ಒಬ್ಬರು ಯಾರು ಅಂತ ನಿಮ್ಮ ಊರಲ್ಲೂ ಎಲ್ಲರಿಗೂ ಗೊತ್ತಿರತ್ತೆ.

ಆದ್ರೂ ಮಾತಾಡ್ಸೋಕೆ ದಾರಿ ಉಂಟು. ನಿಮ್ಮ ಎಲ್ಲಾ ಲೇಖನದ ಕೊನೇಲಿ "ನಿಮ್ಮ ಅನಿಸಿಕೆ ತಿಳಿಸಿ" ಅಂತ ಹಾಕಿದೀರಿ. ಅನಿಸಿಕೆ ಅಂದ್ರೆ ಜನಕ್ಕೆ ಪರೀಕ್ಷೆ ಬರೆದ ಹಾಗೆ ಆಗತ್ತೆ, ಏನು ಬರೆಯೋದು? ಅದ್ರ ಬದ್ಲು ಉತ್ತರ ನಾಲಿಗೆ ತುದೀಲಿ ಇರೋ ಪ್ರಶ್ನೆ ಕೇಳಿ. ಪಂದಿ ಕರಿ (ಹಂದಿ ಮಾಂಸದ ಅಡುಗೆ) ಬರ್ದಿದೀರಲ್ಲ, ಅದಕ್ಕೆ ಹಾಕೋ ನಮ್ಮ ಕಪ್ಪು ಹುಳಿ ಕಾಚಂಪುಳಿ ಬಗ್ಗೆ, "ನಿಮ್ಮನೇಲಿ ಕಾಚಂಪುಳಿ ಕೊನೇಲಿ ಹಾಕ್ತೀರಾ, ಬೇಯೋವಾಗ್ಲೇ ಹಾಕ್ತೀರಾ?" ಅಂತ ಕೇಳಿ ನೋಡಿ. ಕೊಡಗಿನಲ್ಲಿ ಎರಡು ಮನೆಯೋರು ಈ ವಿಷಯದಲ್ಲಿ ಒಪ್ಪಿದ್ದನ್ನ ನಾನು ನೋಡಿಲ್ಲ, ಸುಮ್ನಿರೋಕೆ ಅವ್ರ ಕೈಲಿ ಆಗಲ್ಲ. ದುಬೈಯಲ್ಲೋ ಪುಣೇಲೋ ಇರೋರು ಕಾಚಂಪುಳಿ ಸಿಗ್ದೆ ಇದ್ರೆ ಎಂತ ಹಾಕೋದು ಅಂತ ಕೇಳ್ತಾರೆ, ಅದಕ್ಕೆ ಕಮೆಂಟಿನಲ್ಲೇ ಎರಡು ಸಾಲು ಉತ್ತರ ಕೊಟ್ಟು ಬಿಡ್ಬೇಡಿ, ಅದನ್ನೇ ಮುಂದಿನ ವಾರದ ಲೇಖನ ಮಾಡಿ, ಪ್ರಶ್ನೆ ಕೇಳಿದೋರನ್ನ ನೆನೆಸ್ಕೊಂಡು ಶುರು ಮಾಡಿ. ತನ್ನ ಪ್ರಶ್ನೆಯಿಂದ ಒಂದು ಲೇಖನ ಹುಟ್ತು ಅಂತ ಗೊತ್ತಾದೋರು ಆ ಲಿಂಕನ್ನ ಸುಮ್ನೆ ಇಟ್ಕೊಳ್ಳಲ್ಲ, ನಾಕು ಜನಕ್ಕೆ ಕಳ್ಸೇ ಕಳ್ಸ್ತಾರೆ. ಕಮೆಂಟ್ ಬಂದ ದಿನಾನೇ ಉತ್ತರ ಕೊಡಿ, ತಿಂಗಳು ಬಿಟ್ಟು ಧನ್ಯವಾದ ಅಂದ್ರೆ ಮದುವೆ ಮುಗಿದ ಮೇಲೆ ವಾಲಗ ಊದಿದ ಹಾಗೆ.

ಇನ್ನೊಂದು, ನಮ್ಮ ಜನ ಬ್ಲಾಗಿನ ಕೆಳಗೆ ಬರೆಯಲ್ಲ, ಮೇಲ್ ಐಡಿ ಕೇಳಿದ್ರೆ ಹೆದರ್ತಾರೆ, ವಾಟ್ಸಾಪ್‌ನಲ್ಲಿ ಹೇಳ್ತಾರೆ. ಅಲ್ಲಿ ಬಂದ ಒಳ್ಳೇ ಮಾತನ್ನ ಕೇಳಿ ಒಪ್ಪಿಗೆ ತಗೊಂಡು ಲೇಖನದ ಕೆಳಗೆ ನೀವೇ ಸೇರಿಸಿ, ಖಾಲಿ ಅಂಗಡಿಗೆ ಯಾರೂ ಹತ್ತಲ್ಲ, ಇಬ್ಬರು ನಿಂತಿದ್ರೆ ಮೂರನೇಯೋರು ಬರ್ತಾರೆ.

ಅಡುಗೆಗೆ ಕಾಲನೂ ಮುಖ್ಯ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ 3ರ ಆಸುಪಾಸಿಗೆ, ಮದ್ದುಸೊಪ್ಪಿನ ಪಾಯಸ ಹುಡುಕೋರು ಎಷ್ಟೋ ಜನ, ಆ ದಿನ ಸೊಪ್ಪಿನಲ್ಲಿ 18 ಬಗೆ ಔಷಧಿ ಸೇರತ್ತೆ ಅನ್ನೋ ನಂಬಿಕೆ ನಮ್ದು. ನೀವು ಅದನ್ನ ಹಾಕಿರೋದು ಆಗಸ್ಟ್ 3ರ ರಾತ್ರಿ, ಎಲ್ಲರೂ ಪಾಯಸ ತಿಂದು ಮಲಗಿದ ಮೇಲೆ. ಗೂಗಲ್ ನಿಮ್ಮ ಪುಟ ಕಂಡುಹಿಡಿಯೋಕೂ ದಿನ ಬೇಕು, ಮೂರು ವಾರ ಮೊದ್ಲೇ ಹಾಕಿ. ಪ್ರತಿ ವರ್ಷ ಹೊಸದಾಗಿ ಬರೆಯೋ ಬದ್ಲು ಅದೇ ಪುಟ ತಿದ್ದಿ, ಈ ವರ್ಷದ ಫೋಟೋ ಸೇರಿಸಿ, ಒಂದೇ ಪುಟ ಗಟ್ಟಿಯಾಗ್ತಾ ಹೋಗತ್ತೆ. ಮತ್ತೆ ಒಂದು ಸಾಲು ಮರೀಬೇಡಿ, ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗತ್ತೆ, ಗಾಬರಿ ಬೇಡ ಅಂತ. ನಮಗದು ತಮಾಷೆ, ಹೋಮ್‌ಸ್ಟೇಯಲ್ಲಿ ಮೊದಲ ಸಲ ತಿಂದ ಹೊರಗಿನೋರು ಮಾರನೇ ದಿನ ಬೆಳಿಗ್ಗೆ ಬಾತ್‌ರೂಮಿನಲ್ಲೇ ನಿಂತ್ಕೊಂಡು ಗೂಗಲ್ ಮಾಡ್ತಾರೆ, ಆವಾಗ ನಿಮ್ಮ ಪುಟ ಸಿಕ್ಕಿದ್ರೆ ಜನ್ಮ ಪೂರ್ತಿ ನೆನಪಿಟ್ಕೊಳ್ತಾರೆ.

ಪ್ರಶ್ನೆ: ಇನ್‌ಸ್ಟಾದಲ್ಲಿ ನನ್ನ ಮಾಂದಲಪಟ್ಟಿ ಬೆಟ್ಟದ ರೀಲ್ಸ್‌ಗೆ ಸಾವಿರಾರು ಲೈಕ್ ಬರತ್ತೆ, ಕ್ಯಾಪ್ಷನ್‌ನಲ್ಲಿ ಬ್ಲಾಗ್ ಲಿಂಕ್ ಹಾಕ್ತೀನಿ, ಒಬ್ಬರೂ ಬರಲ್ಲ. (ಸೋಮವಾರಪೇಟೆಯ ಕಾಲೇಜು ಹುಡುಗ)

ಉತ್ತರ: ಇನ್‌ಸ್ಟಾ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತೋಕೇ ಆಗಲ್ಲ ತಮ್ಮಾ, ಅದು ಬರೀ ಅಕ್ಷರ. ಬಯೋದಲ್ಲಿ ಹಾಕು, ಸ್ಟೋರಿಗೆ ಲಿಂಕ್ ಸ್ಟಿಕ್ಕರ್ ಹಚ್ಚು. ಅದಾದ್ರೂ ಮಂಜು ನೋಡೋಕೆ ಬಂದೋರು ಮಂಜು ನೋಡಿ ಹೋಗ್ತಾರೆ. ರೀಲ್‌ನಲ್ಲಿ ಸಿಗದ ಒಂದೇ ವಿಷಯ ಬ್ಲಾಗಿನಲ್ಲಿ ಉಂಟು ಅಂತ ರೀಲ್‌ನಲ್ಲೇ ಹೇಳು, ಜೀಪಿಗೆ ಎಷ್ಟು ಕೊಡ್ಬೇಕು, ಮಳೇಲಿ ಹೋಗ್ಬಹುದಾ, ಟಾಯ್ಲೆಟ್ ಎಲ್ಲಿ ಉಂಟು, ಅಮ್ಮಂದಿರನ್ನ ಕರ್ಕೊಂಡು ಹೋಗೋರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಹಾಗೆ ಬಂದ ಹತ್ತು ಜನರ ಮೇಲ್ ಐಡಿ ಕೇಳಿ ಇಟ್ಕೋ, ಇಲ್ಲ ನಂಬರ್ ಇಟ್ಕೊಂಡು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡು, ಅವ್ರು ನಿನ್ನ ನಂಬರ್ ಸೇವ್ ಮಾಡಿರ್ಬೇಕು ಇಲ್ದಿದ್ರೆ ಮೆಸೇಜ್ ತಲುಪಲ್ಲ, ಮೊದ್ಲೇ ಹೇಳು. ಫಾಲೋಯರ್ಸ್ ನಿನ್ನ ಕೈಯಲ್ಲಿರೋ ಆಸ್ತಿ ಅಂದ್ಕೋಬೇಡ. ಆರ್ಕುಟ್ 2014ರ ಸೆಪ್ಟೆಂಬರ್‌ಗೆ ಬಾಗಿಲು ಹಾಕ್ತು, ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಬ್ಯಾನ್ ಆಯ್ತು, ಲಕ್ಷಾಂತರ ಫಾಲೋಯರ್ಸ್ ಇದ್ದೋರು ಮಾರನೇ ದಿನ ಬರಿಗೈ. ಮೇಲ್ ಐಡಿ ಲಿಸ್ಟ್ ನಿನ್ನ ಡೈರಿಯಲ್ಲಿರತ್ತೆ.

ಪ್ರಶ್ನೆ: ಕನ್ನಡದಲ್ಲಿ ಬರೆಯೋದಾ, ಇಂಗ್ಲಿಷಾ, ಕೊಡವ ತಕ್ಕಾ (ಕೊಡವ ಭಾಷೆ)? ಯಾವುದಕ್ಕೆ ಓದುಗರು ಜಾಸ್ತಿ? (ವಿರಾಜಪೇಟೆ)

ಉತ್ತರ: ಜಾಸ್ತಿ ಅಂತ ಮಾತ್ರ ನೋಡಿದ್ರೆ ಇಂಗ್ಲಿಷ್, ಅದ್ರಲ್ಲಿ ಕೂರ್ಗ್ ಬಗ್ಗೆ ಬರೆಯೋರೂ ಜಾಸ್ತಿ, ನೀವು ಸಾವಿರದೊಂದನೇಯೋರು ಆಗ್ತೀರಿ. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಅಂತ ಬರೆಸಿದೋರು 1,13,857 ಜನ ಅಷ್ಟೇ. ಸಣ್ಣ ಸಂಖ್ಯೆ, ಆದ್ರೆ ಆ ಭಾಷೇಲಿ ಓದೋಕೆ ಆನ್‌ಲೈನ್‌ನಲ್ಲಿ ಸಿಗೋದು ಅದಕ್ಕಿಂತ ಸಣ್ಣದು, ಹಾಗಾಗಿ ನೀವು ಬರೆದ್ರೆ ಓದೋರು ಹುಡ್ಕೊಂಡು ಬರ್ತಾರೆ. ನಾನಾದ್ರೆ ಲೇಖನ ಕನ್ನಡದಲ್ಲಿ ಬರೆದು ಅಜ್ಜಿ ಮಾತು, ಗಾದೆ, ಪದಾರ್ಥದ ಹೆಸರು ಕೊಡವದಲ್ಲೇ ಇಡ್ತೀನಿ, ಹಾಗಾದ್ರೆ ಅರೆಭಾಷೆಯೋರಿಗೂ ಮೈಸೂರಿನೋರಿಗೂ ಅರ್ಥ ಆಗತ್ತೆ.

ತೊಂದರೆ ಬರೋದು ಸ್ಪೆಲ್ಲಿಂಗ್‌ನಲ್ಲಿ. ಕೊಡವದಲ್ಲಿ ಇರೋ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಅದಕ್ಕೇ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಕೈಲ್ ಪೊಳ್ದ್, ಕೈಲ್‌ಪೋದ್, ಕೈಲು ಮುಹೂರ್ತ, ಮೂರೂ ನಮ್ಮ ಆಯುಧ ಪೂಜೆಯ ಹಬ್ಬ ಒಂದೇ. ಪುತ್ತರಿ ಅಂತ ಹುಡುಕೋರಿಗೆ ಹುತ್ತರಿ ಅಂತ ಬರೆದ ಪುಟ ಸಿಗದೇ ಹೋಗ್ಬಹುದು. ಆದ್ರಿಂದ ಮೊದಲ ಪ್ಯಾರಾದಲ್ಲೇ "ಕೆಲವರು ಹೀಗೂ ಅಂತಾರೆ" ಅಂತ ಹೇಳೋ ನೆಪದಲ್ಲಿ ಎಲ್ಲಾ ರೂಪ ತಂದುಬಿಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕೋರು ಬಹಳ ಇರೋದ್ರಿಂದ ಫೋಟೋ ಹೆಸರಿಗೂ ಲಿಂಕಿಗೂ ಆ ಸ್ಪೆಲ್ಲಿಂಗ್ ಕೊಡಿ. ಫೋಟೋಗೆ ಐಎಂಜಿ 4417 ಅಂತ ಹೆಸರಿಟ್ರೆ ಯಾರಿಗೆ ಸಿಗತ್ತೆ?

ಪ್ರಶ್ನೆ: ಮನೆಯೋರಿಗೆ ಗೊತ್ತಾಗ್ದೆ ಬರೀಬೇಕು. ಗುಪ್ತನಾಮ ಇಟ್ರೆ ಓದುಗರು ನಂಬ್ತಾರಾ? (ಹೆಸರು, ಊರು ಎರಡೂ ಬೇಡ ಅಂದಿದಾರೆ)

ಉತ್ತರ: ನಂಬ್ತಾರೆ, ಒಂದೇ ಹೆಸರಲ್ಲಿ ಒಂದೇ ದನಿಯಲ್ಲಿ ಬರೀತಾ ಇದ್ರೆ. ನಮ್ಮ ಕೊಡಗಿನ ಗೌರಮ್ಮ ಕಥೆ ಬರೀತಿದ್ದದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನೋ ಹೆಸರಲ್ಲಿ, ತೀರ್ಕೊಂಡಿದ್ದು 1939ರಲ್ಲಿ, ಇನ್ನೂ ಇಪ್ಪತ್ತೇಳು, ಇವತ್ತಿಗೂ ಓದ್ತಿದೀವಿ. ನಿಮಗೆ ಭಯ ಇರ್ಬೇಕಾದ್ದು ಹೆಸರಿನದಲ್ಲ, ವಿವರದ್ದು. ಕೊಡಗಲ್ಲಿ ಮನೆಹೆಸರು ಹೇಳಿದ್ರೆ ಅಜ್ಜನವರೆಗೂ ಗೊತ್ತಾಗತ್ತೆ, ಅದು ಹೇಳ್ದೆ ಇದ್ರೂ "ನಮ್ಮ ಗದ್ದೆ ದಾಟಿ ಬಾಣೆ ಹತ್ತಿದ್ರೆ ಎಡಗಡೆ ಮುರಿದ ಗೇಟು" ಅಂತ ಬರ್ದ್ರೆ ಮುಗೀತು, ಸಂಜೆ ಹೊತ್ತಿಗೆ ನಿಮ್ಮತ್ತೆಗೆ ಫೋನ್ ಬಂದಿರತ್ತೆ. ಗೇಟನ್ನ ಬಲಗಡೆಗೆ ಹಾಕಿ, ನಾಯಿ ಹೆಸರು ಬದಲಾಯಿಸಿ, ಫೋಟೋ ತೆಗೆಯೋವಾಗ ಫೋನ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಮೇಲ್ ಐಡಿಯೂ ಬೇರೆ ಇರ್ಲಿ.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟಿಲ್ಲ, ಟವರಿಲ್ಲ. ಮೂರು ತಿಂಗಳು ಗ್ಯಾಪ್ ಆದ್ರೆ ಇದ್ದೋರೂ ಹೋಗ್ತಾರೆ. (ಭಾಗಮಂಡಲ)

ಉತ್ತರ: ಮೇ ತಿಂಗಳಲ್ಲಿ ಸೌದೆ ಒಟ್ಟೋ ಹಾಗೆ ಲೇಖನ ಒಟ್ಟಿ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಶೆಡ್ಯೂಲ್ ಅಂತ ಉಂಟು, ತಾರೀಕು ಕೊಟ್ಟು ಇಟ್ರೆ ನಿಮ್ಮ ಮನೇಲಿ ಕ್ಯಾಂಡಲ್ ಉರೀತಿದ್ರೂ ಅದು ತನ್ನ ಪಾಡಿಗೆ ಪಬ್ಲಿಷ್ ಆಗತ್ತೆ. ಹತ್ತು ಹನ್ನೆರಡು ಲೇಖನ ಸಾಕು. ಮಳೆ ಬಗ್ಗೆ ಮಾತ್ರ ಮೊದ್ಲೇ ಬರೆದು ಇಡ್ಬೇಡಿ, ಒಂದ್ಸಲ ನಾನು "ಧೋ ಅಂತ ಸುರೀತಿದೆ" ಅಂತ ಶೆಡ್ಯೂಲ್ ಮಾಡಿಟ್ಟ ದಿನ ಚುರುಚುರು ಬಿಸಿಲು, ಊರೆಲ್ಲ ನಕ್ಕಿದ್ರು. ಮತ್ತೆ ನಿಮ್ಮ ಫೋಟೋಗಳು ಒಂದೊಂದೂ ನಾಕು ಐದು ಎಂಬಿ, ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅದು ತೆರೆಯೋ ಹೊತ್ತಿಗೆ ಓದೋರು ಹಂದಿಗೂಡು ತೊಳೆದು ಬಂದಿರ್ತಾರೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, 200 ಕೆಬಿ ಒಳಗೆ ತನ್ನಿ.

ಪ್ರಶ್ನೆ: ನನ್ನ ಲೇಖನ ನನ್ನ ಹೆಸರಿಲ್ದೆ ವಾಟ್ಸಾಪ್‌ನಲ್ಲಿ ಓಡ್ತಿದೆ. (ಸಿದ್ದಾಪುರ)

ಉತ್ತರ: ನೋವಾಗತ್ತೆ, ಗೊತ್ತು. ಕೊನೇಲಿ ಹಾಕಿದ ಹೆಸರನ್ನ ಕತ್ತರಿಸೋದು ಸುಲಭ, ಆದ್ರಿಂದ ಮಧ್ಯದ ಒಂದು ವಾಕ್ಯದ ಒಳಗೇ ಬ್ಲಾಗಿನ ಹೆಸರು ಹೆಣೆದು ಬಿಡಿ. ಯಾರಾದ್ರೂ ಅವರ ಸೈಟಿನಲ್ಲೇ ಹಾಕ್ಕೊಂಡಿದ್ರೆ ಮೊದ್ಲು ಮರ್ಯಾದೆಯಾಗಿ ಮೇಲ್ ಮಾಡಿ, ಕೇಳದಿದ್ರೆ ಹುಡುಕಾಟದಿಂದ ತೆಗೆಯೋಕೆ ಗೂಗಲ್‌ಗೆ ಕಾಪಿರೈಟ್ ದೂರು ಕೊಡೋ ಫಾರಂ ಉಂಟು.

ಪ್ರಶ್ನೆ: ಬ್ಲಾಗಿನಿಂದ ದುಡ್ಡು ಬರತ್ತಾ? (ಸುಂಟಿಕೊಪ್ಪ)

ಉತ್ತರ: ಕರಿಮೆಣಸು ಬೆಳೀರಿ.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಬ್ಲಾಗಿಗೆ ಎಷ್ಟು ಜನ ಓದುಗರು? (ಕುಶಾಲನಗರ)

ಉತ್ತರ: ಸಂಖ್ಯೆ ಹೇಳಲ್ಲ, ನಾಚ್ಕೆ ಆಗತ್ತೆ. ಮೊನ್ನೆ ಜ್ವರ ಬಂದು ಎರಡು ದಿನ ಮಳೆ ಲೆಕ್ಕ ಹಾಕಿರ್ಲಿಲ್ಲ, ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಒಬ್ಬರು ಅಜ್ಜ ಫೋನ್ ಮಾಡಿ "ಎಂತ, ಗೇಜ್ ಒಡೆದೋಯ್ತಾ?" ಅಂತ ಗದರಿಸಿದ್ರು. ಎದ್ದು ಹೋಗಿ ನೋಡಿ 3 ಇಂಚು 12 ಸೆಂಟ್ ಅಂತ ಫೋನಲ್ಲೇ ಹೇಳ್ದೆ. "ನಮ್ಮಲ್ಲಿ ನಾಕು ಆಗಿದೆ" ಅಂತ ಹೇಳಿ ಇಟ್ಟುಬಿಟ್ರು.